ಡಿಎನ್‌ಎ ಎಳೆಯಿಂದ ಪ್ರೋಟೀನ್‌ವರೆಗೆ: ಟಿ-ಆರ್‌ಎನ್‌ಎ ಲೆಕ್ಕ ತಪ್ಪದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಪಿಯುಸಿ ಮಕ್ಕಳ ಉತ್ತರ ತಿದ್ದುವಾಗ ಪ್ರತಿ ಸಲ ಇದೇ ಕತೆ. "ಟಿ-ಆರ್‌ಎನ್‌ಎ ಎಂದರೇನು?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಪ್ರೋಟೀನ್ ಸರದ ಒಂದೊಂದು ಕಾಳಾದ ಅಮೈನೋ ಆಮ್ಲವನ್ನು ಹೊತ್ತು ತರುತ್ತದೆ, ಸಂದೇಶದ ಮೂರಕ್ಷರಕ್ಕೆ ಜೋಡಿಯಾಗುವ ಮೂರಕ್ಷರ, ಅಂದರೆ ಆಂಟಿಕೋಡಾನ್, ಇರುತ್ತದೆ, ಆಕಾರ ಕ್ಲೋವರ್ ಎಲೆಯದು. ಅದೇ ಮಕ್ಕಳಿಗೆ ಒಂದು ಡಿಎನ್‌ಎ ತುಣುಕು ಕೊಟ್ಟು "ಯಾವ ಟಿ-ಆರ್‌ಎನ್‌ಎ ಬರುತ್ತದೆ, ಯಾವ ಅಮೈನೋ ಆಮ್ಲ ತರುತ್ತದೆ, ಬರೆದು ತೋರಿಸಿ" ಅಂದರೆ ಹತ್ತರಲ್ಲಿ ಏಳು ಮಂದಿ ಎಡವುತ್ತಾರೆ. ನಾನೂ ನನ್ನ ಕಾಲದಲ್ಲಿ ಎಡವಿದವನೇ.

ಬುದ್ಧಿ ಕಡಿಮೆಯಾಗಿ ಯಾರೂ ಎಡವುವುದಿಲ್ಲ. ಹಂತಗಳ ಕ್ರಮ ಅದಲು ಬದಲಾಗುತ್ತದೆ, ಅಷ್ಟೇ. ಅದಕ್ಕೆ ಇಲ್ಲಿ ಒಂದೇ ಉದಾಹರಣೆ ಹಿಡಿದು ಮೊದಲಿಂದ ಕೊನೆವರೆಗೆ ಹೋಗೋಣ. ಪುಸ್ತಕಕ್ಕೆಂದು ಕಟ್ಟಿದ ಉದಾಹರಣೆ ಅಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಬೀಟಾ ಗ್ಲೋಬಿನ್ ಜೀನಿನ ಶುರುವಿನ ತುಣುಕು. ಈ ತುಣುಕಿನಲ್ಲಿ ಒಂದಲ್ಲ, ನಾಲ್ಕು ಗುಂಡಿಗಳಿವೆ. ಬೇಕಂತಲೇ ಇದನ್ನು ಆರಿಸಿದ್ದೇನೆ.

## ಬೇಕಾದ ಸಾಮಾನು

ಗೆರೆ ಹಾಕಿದ ಹಾಳೆ, ಪೆನ್ಸಿಲ್, ರಬ್ಬರ್, ಎರಡು ಬಣ್ಣದ ಪೆನ್ನು. ಜೊತೆಗೆ 64 ಕೋಡಾನ್‌ಗಳ ಕೋಷ್ಟಕ. ಕೋಡಾನ್ ಅಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ, ಇಲ್ಲವೇ ನಿಲ್ಲಿಸಲು ಹೇಳುವ ಮೂರಕ್ಷರ. ಅದು ಎಂ-ಆರ್‌ಎನ್‌ಎ (ಡಿಎನ್‌ಎಯ ಸಂದೇಶ ಹೊತ್ತ ಆರ್‌ಎನ್‌ಎ) ಕೋಡಾನ್‌ಗಳ ಕೋಷ್ಟಕವೇ ಅಂತ ಮೊದಲು ನೋಡಿಕೊಳ್ಳಿ. ಕೋಷ್ಟಕದಲ್ಲಿ ಟಿ ಅಕ್ಷರ ಕಂಡರೆ ಅದು ಡಿಎನ್‌ಎ ಲೆಕ್ಕದ್ದು, ಪಕ್ಕಕ್ಕಿಡಿ. ಆರ್‌ಎನ್‌ಎಯಲ್ಲಿ ಟಿ ಜಾಗಕ್ಕೆ ಯು ಇರಬೇಕು.

ಮೊಬೈಲಿನ ಆ್ಯಪ್ ಈಗಲೇ ಬೇಡ. ಅದು ಉತ್ತರ ಕೊಡುತ್ತದೆ. ನೀವು ಎಲ್ಲಿ ಜಾರುತ್ತೀರಿ ಅಂತ ಹೇಳುವುದಿಲ್ಲ.

ನಮ್ಮ ತುಣುಕು ಇದು. ಎ, ಟಿ, ಜಿ, ಸಿ ಡಿಎನ್‌ಎಯ ಅಕ್ಷರಗಳು; 5′, 3′ ಎಳೆಯ ಎರಡು ತುದಿಗಳ ಹೆಸರು. ಇದು ಅಚ್ಚಿನ ಎಳೆ, ಅಂದರೆ ಇದನ್ನು ನೋಡಿಕೊಂಡೇ ಆರ್‌ಎನ್‌ಎ ತಯಾರಾಗುತ್ತದೆ:

3′ – ಟಿ ಜಿ ಟಿ ಜಿ ಜಿ ಟಿ ಎ ಸಿ ಸಿ ಎ ಸಿ ಜಿ ಟಿ ಎ ಜಿ ಎ ಸಿ ಟಿ ಜಿ ಎ ಜಿ ಜಿ ಎ ಸಿ ಟಿ ಸಿ ಸಿ ಟಿ ಸಿ – 5′

ಒಟ್ಟು 29 ಅಕ್ಷರ. ಹಾಳೆಗೆ ಇಳಿಸಿದ ಮೇಲೆ ಒಮ್ಮೆ ಎಣಿಸಿ. ನಕಲು ಮಾಡುವಾಗಲೇ ಒಂದು ಅಕ್ಷರ ಬಿಟ್ಟುಹೋದರೆ ಮುಂದಿನದೆಲ್ಲ ದಂಡ. ಈ ಭಾಗದಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ಭಾಗ) ಇಲ್ಲ, ಹಾಗಾಗಿ ಕತ್ತರಿಸಿ ಅಂಟಿಸುವ ತಲೆನೋವು ಇಲ್ಲ.

## ಹಂತ 1: ತುದಿಗಳಿಗೆ ಹೆಸರು ಹಾಕಿ

ಏನನ್ನೂ ಬರೆಯುವ ಮೊದಲು ಎರಡು ತುದಿಗೂ 5′, 3′ ಅಂತ ದೊಡ್ಡದಾಗಿ ಬರೆಯಿರಿ. ಒಂದು ಬಣ್ಣ 5′ಕ್ಕೆ, ಇನ್ನೊಂದು 3′ಕ್ಕೆ. ಮುಂದೆ ಬರೆಯುವ ಪ್ರತಿ ಸಾಲಿಗೂ, ಮೂರಕ್ಷರದ ಆಂಟಿಕೋಡಾನ್‌ಗೂ, ಇದೇ ಶಿಸ್ತು. ಬೇಜಾರಿನ ಕೆಲಸ ಹೌದು. ಆದರೆ ಅರ್ಧ ತಪ್ಪುಗಳು ಇಲ್ಲೇ ನಿಲ್ಲುತ್ತವೆ.

ಎರಡು ಎಳೆಗಳು ಜೋಡಿಯಾದಾಗ ಯಾವಾಗಲೂ ಎದುರುಬದುರು ದಿಕ್ಕಿನಲ್ಲಿರುತ್ತವೆ. ರೈಲಿನಲ್ಲಿ ಎದುರು ಸೀಟಿನವರನ್ನು ನೆನೆಸಿಕೊಳ್ಳಿ. ನಿಮ್ಮ ಬಲಗೈಗೆ ಎದುರಾಗಿ ಅವರ ಎಡಗೈ ಬರುತ್ತದೆ. ಡಿಎನ್‌ಎ ಜೊತೆ ಎಂ-ಆರ್‌ಎನ್‌ಎ ಕೂತಾಗಲೂ ಹೀಗೆ, ಕೋಡಾನ್ ಜೊತೆ ಆಂಟಿಕೋಡಾನ್ ಕೂತಾಗಲೂ ಹೀಗೆ.

ಪ್ರಶ್ನೆಯಲ್ಲಿ ಅಚ್ಚಿನ ಎಳೆಯನ್ನು 5′ ಇಂದ 3′ಕ್ಕೆ ಕೊಟ್ಟಿದ್ದರೆ ಮೊದಲು ತಿರುಗಿಸಿ ಬರೆದುಕೊಳ್ಳಿ. ಅದಾದ ಮೇಲೆ ಮುಂದಿನ ಹಂತ.

## ಹಂತ 2: ಎಂ-ಆರ್‌ಎನ್‌ಎ ಬರೆಯಿರಿ

ಪ್ರತಿ ಅಕ್ಷರದ ಕೆಳಗೆ ಅದರ ಜೋಡಿ. ಎ ಇದ್ದರೆ ಯು, ಟಿ ಇದ್ದರೆ ಎ, ಜಿ ಇದ್ದರೆ ಸಿ, ಸಿ ಇದ್ದರೆ ಜಿ.

5′ – ಎ ಸಿ ಎ ಸಿ ಸಿ ಎ ಯು ಜಿ ಜಿ ಯು ಜಿ ಸಿ ಎ ಯು ಸಿ ಯು ಜಿ ಎ ಸಿ ಯು ಸಿ ಸಿ ಯು ಜಿ ಎ ಜಿ ಜಿ ಎ ಜಿ – 3′

ಎಚ್ಚರಿಕೆಯ ಗುರುತು: ಈ ಸಾಲಿನಲ್ಲಿ ಒಂದೇ ಒಂದು ಟಿ ಉಳಿದಿದ್ದರೂ ಕೈ ತಪ್ಪಿದೆ.

ಇನ್ನೊಂದು ಗುಂಡಿ ನೋಡಿ. ಇದೇ ಅಚ್ಚಿನ ಎಳೆಯನ್ನು ಯಾರೋ ತಿರುಗಿಸಿ, 5′ ಎಡಕ್ಕೆ ಬರುವಂತೆ ಕೊಟ್ಟಿದ್ದಾರೆ ಅಂದುಕೊಳ್ಳಿ. ನೀವು ಅದು ಅಚ್ಚು ಅನ್ನುವುದನ್ನು ಮರೆತು, ಟಿ ಇದ್ದಲ್ಲೆಲ್ಲ ಯು ಹಾಕಿ ನಕಲು ಮಾಡಿದಿರಿ. ಆಗ ಸಾಲಿನ ಮಧ್ಯದಲ್ಲಿ ಎ-ಯು-ಜಿ, ಅಂದರೆ ಪ್ರೋಟೀನ್ ಶುರುವಾಗುವ ಕೋಡಾನ್, ಸಿಗುತ್ತದೆ! ಮುಂದೆ ಓದಿದರೆ ಮೆಥಿಯೋನಿನ್, ಹಿಸ್ಟಿಡಿನ್, ಹಿಸ್ಟಿಡಿನ್, ಗ್ಲೈಸಿನ್ ಅಂತ ಒಂದು ಸರವೂ ಬರುತ್ತದೆ. ನೋಡಲು ಚೆಂದ. ಹಿಮೋಗ್ಲೋಬಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎ-ಯು-ಜಿ ಸಿಕ್ಕಿತು ಅಂದ ಮಾತ್ರಕ್ಕೆ ಎಳೆ ಸರಿ ಅಂತ ಖುಷಿಪಡಬೇಡಿ. ಯಾವ ಎಳೆ ಅಚ್ಚು, ಯಾವುದು ಅದರ ಜೋಡಿ ಅಂತ ಪ್ರಶ್ನೆಯ ವಾಕ್ಯದಲ್ಲೇ ಇರುತ್ತದೆ. ಅಡಿಗೆರೆ ಹಾಕಿಕೊಳ್ಳಿ.

## ಹಂತ 3: ಎ-ಯು-ಜಿ ಹುಡುಕಿ, ಅಲ್ಲಿಂದ ಮೂರು ಮೂರಾಗಿ ಕತ್ತರಿಸಿ

ಸಾಲಿನ ಮೊದಲ ಅಕ್ಷರದಿಂದ ಕತ್ತರಿಸಬೇಡಿ. ಎ-ಯು-ಜಿ ಎಲ್ಲಿದೆಯೋ ಅಲ್ಲಿಂದ ಶುರು. ನಮ್ಮ ತುಣುಕಿನಲ್ಲಿ ಅದಕ್ಕೂ ಮೊದಲು ಐದು ಅಕ್ಷರಗಳಿವೆ (ಎ ಸಿ ಎ ಸಿ ಸಿ). ಅವು ಎಂ-ಆರ್‌ಎನ್‌ಎಯಲ್ಲಿ ಇರುತ್ತವೆ, ಪ್ರೋಟೀನ್ ಆಗುವುದಿಲ್ಲ.

ಎಯುಜಿ | ಜಿಯುಜಿ | ಸಿಎಯು | ಸಿಯುಜಿ | ಎಸಿಯು | ಸಿಸಿಯು | ಜಿಎಜಿ | ಜಿಎಜಿ

ಅವಸರದಲ್ಲಿ ಮೊದಲಿಂದ ಕತ್ತರಿಸಿದರೆ ಏನಾಗುತ್ತದೆ ಅಂತ ಒಮ್ಮೆ ಮಾಡಿಯೇ ನೋಡಿ: ಎಸಿಎ | ಸಿಸಿಎ | ಯುಜಿಜಿ | ಯುಜಿಸಿ | ಎಯುಸಿ | ಯುಜಿಎ. ಆರನೆಯದೇ ಯುಜಿಎ, ಅಂದರೆ ನಿಲ್ಲಿಸುವ ಕೋಡಾನ್. 146 ಅಮೈನೋ ಆಮ್ಲದ ಪ್ರೋಟೀನು ಐದಕ್ಕೇ ಮುಗಿದುಹೋಯಿತು, ಅಲ್ವಾ? ಶುರುವಿನಲ್ಲೇ ನಿಲ್ಲಿಸುವ ಕೋಡಾನ್ ಎದುರಾದರೆ ಜೀನನ್ನು ಬಯ್ಯುವ ಮೊದಲು ನಿಮ್ಮ ಕತ್ತರಿಯನ್ನು ಅನುಮಾನಿಸಿ.

## ಹಂತ 4: ಕೋಷ್ಟಕ ನೋಡಿ, ಕೋಡಾನ್ ಹಿಡಿದುಕೊಂಡು ಮಾತ್ರ

ಇದು ಐದನೇ ಹಂತಕ್ಕಿಂತ ಮೊದಲೇ ಆಗಬೇಕು. ಹೆಚ್ಚಿನ ಮಕ್ಕಳು ಆಂಟಿಕೋಡಾನ್ ಬರೆದ ಮೇಲೆ ಕೋಷ್ಟಕಕ್ಕೆ ಹೋಗುತ್ತಾರೆ. ಆಗ ಕಣ್ಣ ಮುಂದಿರುವುದು ಆಂಟಿಕೋಡಾನ್, ಕೈ ಅದನ್ನೇ ಕೋಷ್ಟಕದಲ್ಲಿ ಹುಡುಕುತ್ತದೆ. ಕೋಷ್ಟಕ ಇರುವುದು ಎಂ-ಆರ್‌ಎನ್‌ಎ ಕೋಡಾನ್‌ಗೆ. ಆಂಟಿಕೋಡಾನ್ ಹಾಕಿ ನೋಡಿದರೆ ಅದು ಸುಳ್ಳು ಹೇಳುತ್ತದೆ.

ನಮ್ಮ ಕೋಡಾನ್‌ಗಳನ್ನು ಕ್ರಮವಾಗಿ ನೋಡಿದರೆ ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಮತ್ತೆ ಗ್ಲುಟಾಮಿಕ್ ಆಮ್ಲ.

ಇದನ್ನು ಬರೆದು ಕೋಷ್ಟಕ ಮುಚ್ಚಿಡಿ. ಇನ್ನು ಅದರ ಕೆಲಸ ಮುಗಿಯಿತು.

## ಹಂತ 5: ಆಂಟಿಕೋಡಾನ್ ಬರೆಯಿರಿ

ಇಡೀ ಲೆಕ್ಕದಲ್ಲಿ ಜಾಸ್ತಿ ಅಂಕ ಹೋಗುವ ಜಾಗ ಇದು. ನಿಧಾನ ಮಾಡೋಣ.

ಮೊದಲ ಕೋಡಾನ್ 5′-ಎಯುಜಿ-3′. ಇದರ ಕೆಳಗೆ ಜೋಡಿ ಅಕ್ಷರ ಬರೆದರೆ ಯುಎಸಿ ಬರುತ್ತದೆ. ಆದರೆ ಎದುರು ಸೀಟಿನ ಮಾತು ನೆನಪಿದೆಯಲ್ಲ? ಅದು 3′-ಯುಎಸಿ-5′. ವಾಡಿಕೆಯಂತೆ 5′ ಇಂದ ಬರೆದರೆ ಅದು 5′-ಸಿಎಯು-3′. ಎರಡೂ ಒಂದೇ ಆಂಟಿಕೋಡಾನ್, ಎರಡೂ ಸರಿ. ತುದಿಯ ಗುರುತಿಲ್ಲದೆ ಬರೀ "ಯುಎಸಿ" ಅಂತ ಬರೆದರೆ ಓದುವವರು ಅದನ್ನು 5′ ಇಂದ ಶುರು ಅಂದುಕೊಳ್ಳುತ್ತಾರೆ. ಆಗ ನಿಮ್ಮ ಉತ್ತರ ತಪ್ಪು.

ಈಗ ಈ ತುಣುಕಿನ ದೊಡ್ಡ ಗುಂಡಿ. ಮೂರನೇ ಕೋಡಾನ್ ಸಿಎಯು, ಹಿಸ್ಟಿಡಿನ್. ಅದರ ಆಂಟಿಕೋಡಾನ್ 5′-ಎಯುಜಿ-3′. ಗಮನಿಸಿ: ಮೆಥಿಯೋನಿನ್‌ನ ಕೋಡಾನ್ ಎಯುಜಿ, ಆಂಟಿಕೋಡಾನ್ ಸಿಎಯು. ಹಿಸ್ಟಿಡಿನ್‌ನ ಕೋಡಾನ್ ಸಿಎಯು, ಆಂಟಿಕೋಡಾನ್ ಎಯುಜಿ. ಪೂರ್ತಿ ತಿರುವು ಮುರುವು! ಆಂಟಿಕೋಡಾನ್ ಹಿಡಿದು ಕೋಷ್ಟಕ ನೋಡಿದವರಿಗೆ ಮೊದಲನೆಯದು ಹಿಸ್ಟಿಡಿನ್, ಮೂರನೆಯದು ಮೆಥಿಯೋನಿನ್ ಅಂತ ಬರುತ್ತದೆ. "ಪ್ರೋಟೀನ್ ಹಿಸ್ಟಿಡಿನ್‌ನಿಂದ ಶುರುವಾಗಿದೆ" ಅಂತ ನಿಮ್ಮ ಹಾಳೆಯಲ್ಲಿ ಕಂಡರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಇದೇ ಕಾರಣ.

ಇನ್ನೊಂದು ಮೋಸವಿದೆ, ಇದು ಕಣ್ಣಿಗೆ ಬೀಳುವುದಿಲ್ಲ. ಜಿಯುಜಿಗೆ ಆಂಟಿಕೋಡಾನ್ ಸಿಎಸಿ. ಜಿಎಜಿಗೆ ಸಿಯುಸಿ. ಇವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ದಿಕ್ಕು ತಪ್ಪಿದ್ದರೂ ಉತ್ತರ ಸರಿಯಾಗಿಬಿಡುತ್ತದೆ. ನಮ್ಮ ಎಂಟು ಕೋಡಾನ್‌ಗಳಲ್ಲಿ ಮೂರು ಇಂಥವೇ. ಅವುಗಳಲ್ಲಿ ಅಂಕ ಬಂತು ಅಂತ ವಿಧಾನ ಬಂತು ಅಂದುಕೊಂಡವರೇ ಮುಂದೆ ಎಸಿಯುನಲ್ಲಿ ಮುಗ್ಗರಿಸುತ್ತಾರೆ. ಅಭ್ಯಾಸಕ್ಕೆ ಯಾವಾಗಲೂ ಎರಡು ತುದಿಯ ಅಕ್ಷರ ಬೇರೆ ಬೇರೆ ಇರುವ ಕೋಡಾನನ್ನೇ ಆರಿಸಿ.

ಪೂರ್ತಿ ಪಟ್ಟಿ, ಎಲ್ಲವೂ 5′ ಇಂದ 3′ಕ್ಕೆ:

ಎಯುಜಿ → ಸಿಎಯು
ಜಿಯುಜಿ → ಸಿಎಸಿ
ಸಿಎಯು → ಎಯುಜಿ
ಸಿಯುಜಿ → ಸಿಎಜಿ
ಎಸಿಯು → ಎಜಿಯು
ಸಿಸಿಯು → ಎಜಿಜಿ
ಜಿಎಜಿ → ಸಿಯುಸಿ (ಎರಡು ಸಲ)

ತಾಳೆ ನೋಡಲು ಒಂದು ಸುಲಭ ದಾರಿ ಇದೆ. ಅಚ್ಚಿನ ಎಳೆಯಲ್ಲಿ ಟಿ ಬದಲು ಯು ಹಾಕಿ. ಸಿಗುವ ಮೂರಕ್ಷರಗಳು 3′ ಇಂದ ಬರೆದ ಆಂಟಿಕೋಡಾನ್‌ಗಳೇ. ಅಚ್ಚಿನಲ್ಲಿ 3′-ಜಿಟಿಎ-5′ ಇದೆ, ಆಂಟಿಕೋಡಾನ್ 3′-ಜಿಯುಎ-5′, ತಿರುಗಿಸಿದರೆ ಎಯುಜಿ. ತಾಳೆಯಾಯಿತು. ಆದರೆ ಇದು ತಾಳೆ ನೋಡುವ ಉಪಾಯ ಮಾತ್ರ. ಇದನ್ನು ನೋಡಿ "ಟಿ-ಆರ್‌ಎನ್‌ಎ ಇದೇ ಜೀನಿನಿಂದ ತಯಾರಾಗುತ್ತದೆ" ಅಂತ ಬರೆದವರಿದ್ದಾರೆ. ಹಾಗಲ್ಲ. ಟಿ-ಆರ್‌ಎನ್‌ಎಗಳಿಗೆ ಅವುಗಳದೇ ಬೇರೆ ಜೀನ್‌ಗಳಿವೆ. ಅವು ಮೊದಲೇ ತಯಾರಾಗಿ ಕೋಶದಲ್ಲಿ ಓಡಾಡಿಕೊಂಡಿರುತ್ತವೆ.

## ಹಂತ 6: ಮೂರನೇ ಅಕ್ಷರದ ಸಡಿಲಿಕೆ

ಇಷ್ಟರವರೆಗೆ ಬರೆದದ್ದು ಪರೀಕ್ಷೆಯ ಹಾಳೆಗೆ ಸರಿ. ನಿಜವಾದ ಕೋಶದಲ್ಲಿ ಸ್ವಲ್ಪ ಬೇರೆ.

ಅಮೈನೋ ಆಮ್ಲ ಸೂಚಿಸುವ ಕೋಡಾನ್‌ಗಳು 61. ಅಷ್ಟೂ ಬಗೆಯ ಆಂಟಿಕೋಡಾನ್ ಬೇಕಾಗುವುದಿಲ್ಲ. ಕೋಡಾನ್‌ನ ಮೂರನೇ ಅಕ್ಷರದ ಹತ್ತಿರ ಜೋಡಣೆ ಸಡಿಲ. ಅದಕ್ಕೆ ಎದುರಾಗುವುದು ಆಂಟಿಕೋಡಾನ್‌ನ ಮೊದಲ ಅಕ್ಷರ, ಅಂದರೆ 5′ ಕಡೆಯದು. ಆ ಜಾಗದಲ್ಲಿ ಜಿ ಇದ್ದರೆ ಅದು ಸಿ ಜೊತೆಗೂ ಸರಿ, ಯು ಜೊತೆಗೂ ಸರಿ. ಯು ಇದ್ದರೆ ಎ, ಜಿ ಎರಡೂ ನಡೆಯುತ್ತವೆ. ಇನೋಸಿನ್ ಎಂಬ ಮಾರ್ಪಾಟಾದ ಅಕ್ಷರ ಇದ್ದರೆ ಯು, ಸಿ, ಎ ಮೂರನ್ನೂ ಸಂಭಾಳಿಸುತ್ತದೆ. ಸಿ ಇದ್ದರೆ ಮಾತ್ರ ಕಟ್ಟುನಿಟ್ಟು, ಜಿ ಬಿಟ್ಟು ಬೇರೆ ಬೇಡ.

ನಮ್ಮ ಹಿಸ್ಟಿಡಿನ್‌ಗೆ ಬನ್ನಿ. ಹಾಳೆಯಲ್ಲಿ ಆಂಟಿಕೋಡಾನ್ ಎಯುಜಿ ಅಂತ ಬರೆದೆವು. ಮನುಷ್ಯರ ಕೋಶದಲ್ಲಿ ಹಿಸ್ಟಿಡಿನ್ ಹೊರುವ ಟಿ-ಆರ್‌ಎನ್‌ಎಯ ಆಂಟಿಕೋಡಾನ್ ಜಿಯುಜಿ. ಅದೊಂದೇ ಸಿಎಸಿ ಕೋಡಾನನ್ನೂ ಓದುತ್ತದೆ, ಸಿಎಯು ಕೋಡಾನನ್ನೂ ಓದುತ್ತದೆ. ಥ್ರಿಯೋನಿನ್, ಪ್ರೋಲಿನ್‌ಗಳ ಆಂಟಿಕೋಡಾನ್‌ಗಳಲ್ಲಿ ಮೊದಲ ಎ ಇನೋಸಿನ್ ಆಗಿ ಬದಲಾಗಿರುತ್ತದೆ. ಮೆಥಿಯೋನಿನ್‌ನ ಸಿಎಯುನಲ್ಲಿ ಮೊದಲಿಗೆ ಸಿ ಇದೆ. ಅದಕ್ಕೇ ಅದು ಪಕ್ಕದ ಎಯುಎಯನ್ನು, ಅಂದರೆ ಐಸೋಲ್ಯೂಸಿನ್ ಕೋಡಾನನ್ನು, ಮುಟ್ಟುವುದಿಲ್ಲ.

ಹಾಗಾದರೆ ಪರೀಕ್ಷೆಯಲ್ಲಿ ಯಾವುದು ಬರೆಯಬೇಕು? ಪ್ರಶ್ನೆಯಲ್ಲಿ ಸಡಿಲಿಕೆಯ ಮಾತಿಲ್ಲದಿದ್ದರೆ ನೇರ ಜೋಡಿ ಬರೆಯಿರಿ, ಎಯುಜಿ. "ಕನಿಷ್ಠ ಎಷ್ಟು ಟಿ-ಆರ್‌ಎನ್‌ಎ ಸಾಕು" ಅಂತ ಕೇಳಿದ್ದರೆ ಈ ಹಂತ ಬೇಕು. ಸಡಿಲಿಕೆಯನ್ನು ಆಂಟಿಕೋಡಾನ್‌ನ ಮೂರನೇ ಅಕ್ಷರಕ್ಕೆ ಅಂಟಿಸುವ ತಪ್ಪು ಮಾತ್ರ ಬೇಡ. ಮೂರನೆಯದು ಕೋಡಾನ್ ಕಡೆ, ಮೊದಲನೆಯದು ಆಂಟಿಕೋಡಾನ್ ಕಡೆ. ಮತ್ತೆ ಎದುರು ಸೀಟು.

## ಹಂತ 7: ಟಿ-ಆರ್‌ಎನ್‌ಎಗೆ ಸರಕು ಹೇರಿ

ಈಗ ಚಿತ್ರ ಬರೆಯುವ ಸಮಯ. ಮೊದಲು ಒಂದು ಸಣ್ಣ ತಿದ್ದುಪಡಿ: ಕ್ಲೋವರ್ ಅಂದರೆ ಲವಂಗ ಅಲ್ಲ. "ಲವಂಗದ ಎಲೆಯ ಆಕಾರ" ಅಂತ ಎಷ್ಟೋ ನೋಟ್ಸ್‌ಗಳಲ್ಲಿ ನೋಡಿದ್ದೇನೆ. ಕ್ಲೋವರ್ ಒಂದು ಮೂರೆಲೆಯ ಗಿಡ, ನಮ್ಮ ಪುಲ್ಲಂಪುರಚಿ ಸೊಪ್ಪಿನ ಎಲೆ ಇದ್ದಹಾಗೆ. ಅದೂ ಹಾಳೆಯ ಮೇಲೆ ಬಿಡಿಸಿದಾಗ ಕಾಣುವ ಆಕಾರ. ಕೋಶದೊಳಗೆ ಅದು ಮಡಚಿಕೊಂಡು ಇಂಗ್ಲಿಷಿನ ಎಲ್ ಅಕ್ಷರದಂತೆ ಇರುತ್ತದೆ. ಎಲ್‌ನ ಒಂದು ತುದಿಯಲ್ಲಿ ಆಂಟಿಕೋಡಾನ್, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ. ಉದ್ದ ಸಾಮಾನ್ಯವಾಗಿ 76 ರಿಂದ 90 ಅಕ್ಷರ.

ಅಮೈನೋ ಆಮ್ಲ ಕೂರುವುದು 3′ ತುದಿಯಲ್ಲಿ. ಎಲ್ಲ ಟಿ-ಆರ್‌ಎನ್‌ಎಗಳ 3′ ತುದಿಯೂ ಸಿಸಿಎ ಅಂತಲೇ ಮುಗಿಯುತ್ತದೆ. ಕೊನೆಯ ಎ ಮೇಲೆ ಅಮೈನೋ ಆಮ್ಲ ಸೇರುತ್ತದೆ. ಚಿತ್ರದಲ್ಲಿ ಅಮೈನೋ ಆಮ್ಲವನ್ನು ಆಂಟಿಕೋಡಾನ್ ಪಕ್ಕದಲ್ಲೇ ಬರೆಯುವವರು ತುಂಬಾ ಜನ. ಅವೆರಡೂ ದೂರ ದೂರ, ಒಂದನ್ನೊಂದು ಮುಟ್ಟುವುದೇ ಇಲ್ಲ. (ಟ್ರಿಪ್ಟೋಫ್ಯಾನ್‌ನ ಆಂಟಿಕೋಡಾನ್ ಕೂಡ ಸಿಸಿಎ. ಅದು ಬೇರೆ, ಬಾಲದ ಸಿಸಿಎ ಬೇರೆ. ಗಾಬರಿ ಬೇಡ.)

ಸರಕು ಹೇರುವ ಕೆಲಸ ಅಮೈನೋಅಸೈಲ್ ಟಿ-ಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವಗಳದು. ಹೆಸರು ಉದ್ದ, ಕೆಲಸ ಎರಡೇ ಹೆಜ್ಜೆ. ಮೊದಲು ಕೋಶದ ಶಕ್ತಿಯ ಅಣುವಾದ ಎಟಿಪಿ ಖರ್ಚು ಮಾಡಿ ಅಮೈನೋ ಆಮ್ಲವನ್ನು ಚುರುಕುಗೊಳಿಸುತ್ತದೆ. ಆಮೇಲೆ ಅದನ್ನು ಸರಿಯಾದ ಟಿ-ಆರ್‌ಎನ್‌ಎಯ ಬಾಲಕ್ಕೆ ಕೂಡಿಸುತ್ತದೆ. ಎಟಿಪಿ ಇಲ್ಲಿ ಎರಡು ಫಾಸ್ಫೇಟ್ ಕಳೆದುಕೊಂಡು ಎಎಂಪಿ ಆಗುತ್ತದೆ, ಒಂದನ್ನು ಮಾತ್ರ ಕಳೆದುಕೊಂಡ ಎಡಿಪಿ ಅಲ್ಲ. ಹಾಗಾಗಿ ಲೆಕ್ಕದಲ್ಲಿ ಇದನ್ನು ಎರಡು ಶಕ್ತಿಬಂಧ ಅಂತ ಎಣಿಸಬೇಕು.

ನನ್ನ ಮಟ್ಟಿಗೆ ಇಡೀ ಕತೆಯ ನಡು ಈ ಹಂತವೇ. ಪುಸ್ತಕಗಳು ಇದಕ್ಕೆ ಎರಡು ಸಾಲು ಕೊಟ್ಟು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್‌ಗೆ ಓಡುತ್ತವೆ. ಎಪಿಎಂಸಿ ಯಾರ್ಡಿನ ಮೂಟೆ ನೋಡಿದ್ದೀರಲ್ಲ? ಮೂಟೆ ಕಟ್ಟುವಾಗ ಚೀಟಿ ಹಚ್ಚುತ್ತಾರೆ. ಆಮೇಲೆ ಲಾರಿಗೆ ಹೇರುವವರು ಚೀಟಿ ಓದುತ್ತಾರೆಯೇ ಹೊರತು ಮೂಟೆ ಬಿಚ್ಚುವುದಿಲ್ಲ. ಚೀಟಿ ತಪ್ಪಿದರೆ ರಾಗಿ ಇರಬೇಕಾದ ಕಡೆ ಜೋಳ ಇಳಿಯುತ್ತದೆ. ರೈಬೋಸೋಮ್ ಹೀಗೆಯೇ. ಅದು ಕೋಡಾನ್‌ಗೆ ಆಂಟಿಕೋಡಾನ್ ಕೂತಿತೇ ಅಂತ ನೋಡುತ್ತದೆ. ತುದಿಯಲ್ಲಿ ಯಾವ ಅಮೈನೋ ಆಮ್ಲ ಇದೆ ಅಂತ ತಪಾಸಣೆ ಮಾಡುವುದಿಲ್ಲ.

1962ರ ಒಂದು ಪ್ರಯೋಗದಲ್ಲಿ ಇದನ್ನು ಪರೀಕ್ಷಿಸಿದರು. ಸಿಸ್ಟೀನ್ ಹೊತ್ತ ಟಿ-ಆರ್‌ಎನ್‌ಎ ತೆಗೆದುಕೊಂಡು, ಅದರ ಮೇಲಿದ್ದ ಸಿಸ್ಟೀನನ್ನು ಅಲ್ಲೇ ರಾಸಾಯನಿಕವಾಗಿ ಅಲನಿನ್ ಮಾಡಿಬಿಟ್ಟರು. ಚೀಟಿ ಹಳೆಯದು, ಸರಕು ಹೊಸದು. ಸಿಸ್ಟೀನ್ ಬರಬೇಕಾದ ಜಾಗಕ್ಕೆ ಅಲನಿನ್ ಹೋಗಿ ಕೂತಿತು.

ಹಾಗಾಗಿ ಕಿಣ್ವ ತಪ್ಪುವಂತಿಲ್ಲ. ವ್ಯಾಲಿನ್ ಮತ್ತು ಐಸೋಲ್ಯೂಸಿನ್ ನೋಡಲು ಒಂದೇ ತರಹ, ವ್ಯಾಲಿನ್ ಒಂದು ಇಂಗಾಲದಷ್ಟು ಚಿಕ್ಕದು. ಐಸೋಲ್ಯೂಸಿನ್‌ನ ಕಿಣ್ವ ಆಗಾಗ ವ್ಯಾಲಿನ್‌ಗೆ ಮೋಸಹೋಗುತ್ತದೆ. ಅದಕ್ಕೆ ಆ ಕಿಣ್ವದಲ್ಲೇ ಎರಡನೇ ಜಾಗ ಇದೆ. ಐಸೋಲ್ಯೂಸಿನ್ ಅಲ್ಲಿ ಹಿಡಿಸುವುದಿಲ್ಲ, ವ್ಯಾಲಿನ್ ಹಿಡಿಸುತ್ತದೆ, ಒಳಗೆ ಹೋದದ್ದನ್ನು ಕತ್ತರಿಸಿ ಎಸೆಯುತ್ತದೆ.

ಇನ್ನೊಂದು ತಪ್ಪು ನಂಬಿಕೆ: ಕಿಣ್ವ ಆಂಟಿಕೋಡಾನ್ ನೋಡಿಯೇ ಟಿ-ಆರ್‌ಎನ್‌ಎಯನ್ನು ಗುರುತಿಸುತ್ತದೆ ಅನ್ನುವುದು. ಕೆಲವು ಹಾಗೆ ಮಾಡುತ್ತವೆ. ಅಲನಿನ್‌ನ ಕಿಣ್ವ ಮಾತ್ರ ಬಾಲದ ಹತ್ತಿರದ ಕಾಂಡದಲ್ಲಿರುವ ಒಂದು ಜಿ–ಯು ಜೋಡಿ ನೋಡಿ ಗುರುತು ಹಿಡಿಯುತ್ತದೆ. "ಯಾವಾಗಲೂ ಆಂಟಿಕೋಡಾನ್‌ನಿಂದ" ಅಂತ ಬರೆಯಬೇಡಿ.

## ಹಂತ 8: ರೈಬೋಸೋಮಿನ ಮೂರು ಮನೆ

ಮೂರು ಚೌಕ ಬರೆಯಿರಿ. ಎಂ-ಆರ್‌ಎನ್‌ಎಯ 5′ ಎಡಕ್ಕಿದ್ದರೆ, ಎಡದಿಂದ ಇ, ಪಿ, ಎ. ಹೊಸಬರು ಬರುವುದು ಎ ಮನೆಗೆ, ಸರ ಹಿಡಿದವರು ಕೂರುವುದು ಪಿ ಮನೆಯಲ್ಲಿ, ಖಾಲಿಯಾದವರು ಹೊರಡುವುದು ಇ ಮನೆಯಿಂದ.

ಒಂದೇ ಒಂದು ವಿನಾಯಿತಿ. ಶುರುವಿನ ಮೆಥಿಯೋನಿನ್ ತರುವ ಟಿ-ಆರ್‌ಎನ್‌ಎ ನೇರ ಪಿ ಮನೆಗೇ ಬರುತ್ತದೆ. ಅದು ಈ ಕೆಲಸಕ್ಕೆಂದೇ ಇರುವ ಬೇರೆ ಟಿ-ಆರ್‌ಎನ್‌ಎ. ಪ್ರೋಟೀನಿನ ಮಧ್ಯದಲ್ಲಿ ಬರುವ ಮೆಥಿಯೋನಿನ್‌ಗಳನ್ನು ಇನ್ನೊಂದು ತರುತ್ತದೆ, ಆಂಟಿಕೋಡಾನ್ ಎರಡಕ್ಕೂ ಸಿಎಯು.

ಈಗ ನಮ್ಮ ತುಣುಕು ಓಡಿಸೋಣ. ಪಿಯಲ್ಲಿ ಮೆಥಿಯೋನಿನ್ ಹೊತ್ತ ಟಿ-ಆರ್‌ಎನ್‌ಎ. ಎಗೆ ವ್ಯಾಲಿನ್ ಹೊತ್ತದ್ದು ಬಂತು. ಅದನ್ನು ಒಂದು ಸಹಾಯಕ ಪ್ರೋಟೀನ್ ಕರೆತರುತ್ತದೆ. ಜೋಡಿ ಸರಿ ಕೂತರೆ ಒಂದು ಜಿಟಿಪಿ (ಎಟಿಪಿಯಂಥದೇ ಶಕ್ತಿಯ ಅಣು) ಖರ್ಚಾಗಿ ಸಹಾಯಕ ಬಿಟ್ಟುಹೋಗುತ್ತದೆ. ಈಗ ಬಂಧ.

ಇಲ್ಲಿ ನಿಲ್ಲಿ. ಯಾವುದು ಯಾವುದರ ಮೇಲೆ ಹೋಗುತ್ತದೆ? ಹೆಚ್ಚಿನವರು ವ್ಯಾಲಿನ್ ಎದ್ದು ಬಂದು ಮೆಥಿಯೋನಿನ್‌ಗೆ ಅಂಟಿಕೊಳ್ಳುವಂತೆ ಬಾಣ ಹಾಕುತ್ತಾರೆ. ಉಲ್ಟಾ. ಮೆಥಿಯೋನಿನ್ ತನ್ನ ಟಿ-ಆರ್‌ಎನ್‌ಎ ಬಿಟ್ಟು ವ್ಯಾಲಿನ್ ಮೇಲೆ ಬರುತ್ತದೆ. ಪ್ರತಿ ಸಲವೂ ಇಡೀ ಹಳೆಯ ಸರ ಹೊಸಬರ ಮೇಲೆ ವರ್ಗವಾಗುತ್ತದೆ. ನೂರು ಅಮೈನೋ ಆಮ್ಲದ ಸರವಾದರೂ ಅಷ್ಟೇ. ಈ ಬಂಧ ಹಾಕುವ ಕೆಲಸ ರೈಬೋಸೋಮಿನ ಪ್ರೋಟೀನ್‌ನದಲ್ಲ, ಅದರೊಳಗಿನ ಆರ್‌ಎನ್‌ಎಯದು.

ಆಮೇಲೆ ಇನ್ನೊಂದು ಜಿಟಿಪಿ ಖರ್ಚಾಗಿ ರೈಬೋಸೋಮ್ ಒಂದು ಕೋಡಾನ್‌ನಷ್ಟು ಮುಂದೆ ಸರಿಯುತ್ತದೆ. ಮೆಥಿಯೋನಿನ್‌ನ ಖಾಲಿ ಟಿ-ಆರ್‌ಎನ್‌ಎ ಇ ಮನೆಗೆ, ಎರಡು ಕಾಳಿನ ಸರ ಹೊತ್ತ ವ್ಯಾಲಿನ್ ಟಿ-ಆರ್‌ಎನ್‌ಎ ಪಿ ಮನೆಗೆ. ಎ ಖಾಲಿ, ಹಿಸ್ಟಿಡಿನ್‌ಗೆ ಜಾಗ ಸಿದ್ಧ. ಹೊರಬಿದ್ದ ಖಾಲಿ ಟಿ-ಆರ್‌ಎನ್‌ಎ ಹಾಳಾಗುವುದಿಲ್ಲ, ಏಳನೇ ಹಂತಕ್ಕೆ ವಾಪಸ್ ಹೋಗಿ ಮತ್ತೆ ಸರಕು ಹೇರಿಕೊಳ್ಳುತ್ತದೆ.

ಖರ್ಚಿನ ಲೆಕ್ಕ ಇಷ್ಟು: ಹೇರುವಾಗ ಎರಡು, ಕೂರುವಾಗ ಒಂದು, ಸರಿಯುವಾಗ ಒಂದು. ಸರಕ್ಕೆ ಸೇರುವ ಪ್ರತಿ ಅಮೈನೋ ಆಮ್ಲಕ್ಕೆ ನಾಲ್ಕು.

ನಿಮ್ಮ ಚಿತ್ರ ತಪ್ಪಿದೆ ಎಂಬುದಕ್ಕೆ ಗುರುತು: ಸರಿದ ಮೇಲೂ ಎ ಮನೆ ಭರ್ತಿ ಇದ್ದರೆ, ಪಿಯಲ್ಲಿ ಖಾಲಿ ಟಿ-ಆರ್‌ಎನ್‌ಎ ಕೂತಿದ್ದರೆ, ಅಥವಾ ಸರದ ಹೊರತುದಿಯಲ್ಲಿ ಮೆಥಿಯೋನಿನ್ ಬದಲು ಇತ್ತೀಚೆಗೆ ಬಂದ ಅಮೈನೋ ಆಮ್ಲ ಇದ್ದರೆ ಬಾಣದ ದಿಕ್ಕು ತಿರುಗಿಸಿ.

ಎ ಮನೆ ಎಷ್ಟು ಮುಖ್ಯ ಅಂತ ಬೇಕಾದರೆ ಟೆಟ್ರಾಸೈಕ್ಲಿನ್ ನೆನಪಿಸಿಕೊಳ್ಳಿ. ಆ ಮಾತ್ರೆ ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಟಿ-ಆರ್‌ಎನ್‌ಎ ಎ ಮನೆಗೆ ಕೂರದಂತೆ ತಡೆಯುತ್ತದೆ. ಗಾಯಕ್ಕೆ ಹಚ್ಚುವ ಮುಪಿರೋಸಿನ್ ಮುಲಾಮು ಇನ್ನೂ ಹಿಂದಕ್ಕೆ ಹೋಗಿ ಏಳನೇ ಹಂತದಲ್ಲೇ ಅಡ್ಡ ಹಾಕುತ್ತದೆ, ಬ್ಯಾಕ್ಟೀರಿಯಾದ ಐಸೋಲ್ಯೂಸಿನ್ ಕಿಣ್ವವನ್ನು ಕಟ್ಟಿಹಾಕುತ್ತದೆ.

## ಹಂತ 9: ನಿಲ್ಲಿಸುವ ಕಡೆ ಟಿ-ಆರ್‌ಎನ್‌ಎ ಬರೆಯಬೇಡಿ

ಯುಎಎ, ಯುಎಜಿ, ಯುಜಿಎ. ಸಾಮಾನ್ಯವಾಗಿ ಈ ಮೂರಕ್ಕೆ ಜೋಡಿಯಾಗುವ ಟಿ-ಆರ್‌ಎನ್‌ಎ ಇಲ್ಲ. ಕೈ ಓಡುತ್ತಿರುವ ಭರದಲ್ಲಿ ಯುಎಎಗೂ "ಯುಯುಎ" ಅಂತ ಆಂಟಿಕೋಡಾನ್ ಬರೆದುಬಿಡುತ್ತೀರಿ, ಜೋಪಾನ. ಅಲ್ಲಿ ಎ ಮನೆಗೆ ಬರುವುದು ಬಿಡುಗಡೆ ಮಾಡುವ ಒಂದು ಪ್ರೋಟೀನ್. ಅದು ಬಂದು ಸರವನ್ನು ಕೊನೆಯ ಟಿ-ಆರ್‌ಎನ್‌ಎಯಿಂದ ಬಿಡಿಸುತ್ತದೆ.

ಇದೇ ಜೀನಿನಲ್ಲಿ, ಮೊದಲ ಮೆಥಿಯೋನಿನ್ ಬಿಟ್ಟು ಎಣಿಸಿದರೆ, 15ನೇ ಕೋಡಾನ್ ಯುಜಿಜಿ, ಟ್ರಿಪ್ಟೋಫ್ಯಾನ್. ಭಾರತದಲ್ಲಿ ಕಾಣುವ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಬದಲಾವಣೆಗಳಲ್ಲಿ ಒಂದರಲ್ಲಿ ಅದು ಯುಎಜಿ ಆಗಿರುತ್ತದೆ. ಸಿಸಿಎ ಆಂಟಿಕೋಡಾನ್‌ನ ಟಿ-ಆರ್‌ಎನ್‌ಎ ಬಂದರೂ ಕೂರಲು ಜಾಗವಿಲ್ಲ. ಸರ ಅಲ್ಲಿಗೇ ತುಂಡು.

## ಹಂತ 10: ಒಂದು ಅಕ್ಷರ ಬದಲಿಸಿ ಪರೀಕ್ಷಿಸಿ

ಮೇಲಿನದು ಬಂದಿದೆಯೋ ಇಲ್ಲವೋ ನೋಡಲು ನಮ್ಮ ತುಣುಕಿನ ಮೊದಲ ಸಿಟಿಸಿಯನ್ನು ಸಿಎಸಿ ಮಾಡಿ. ಕೋಡಾನ್ ಜಿಎಜಿ ಬದಲು ಜಿಯುಜಿ. ಆಂಟಿಕೋಡಾನ್ ಸಿಯುಸಿ ಬದಲು ಸಿಎಸಿ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್.

ಇದೇ ಕುಡಗೋಲು ಕಣ (ಸಿಕಲ್ ಸೆಲ್) ರೋಗದ ಬದಲಾವಣೆ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಸಮುದಾಯಗಳಲ್ಲೂ ಈ ಕಾಯಿಲೆ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಯೋಜನೆಯ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉತ್ತರ ಬರೆಯುವಾಗ "ಟಿ-ಆರ್‌ಎನ್‌ಎ ತಪ್ಪು ಅಮೈನೋ ಆಮ್ಲ ತಂದಿತು" ಅಂತ ಬರೆಯಬೇಡಿ. ವ್ಯಾಲಿನ್ ಟಿ-ಆರ್‌ಎನ್‌ಎ ತನ್ನ ಕೋಡಾನ್ ಕಂಡು ಸರಿಯಾಗಿಯೇ ಕೂತಿದೆ. ತಪ್ಪು ಇರುವುದು ಡಿಎನ್‌ಎಯಲ್ಲಿ.

ಎಣಿಕೆಯಲ್ಲೂ ಒಂದು ಗೊಂದಲ ಇದೆ. ನಿಮ್ಮ ಹಾಳೆಯಲ್ಲಿ ಈ ಬದಲಾವಣೆ ಏಳನೇ ಜಾಗದಲ್ಲಿದೆ, ಪುಸ್ತಕ ಆರನೆಯದು ಅನ್ನುತ್ತದೆ. ಎರಡೂ ಸರಿ. ಶುರುವಿನ ಮೆಥಿಯೋನಿನ್ ಆಮೇಲೆ ಕತ್ತರಿಸಿ ಹೋಗುತ್ತದೆ. ಅದನ್ನು ಬಿಟ್ಟು ಎಣಿಸಿದರೆ ಆರು, ಸೇರಿಸಿದರೆ ಏಳು. ರಬ್ಬರ್ ತೆಗೆದುಕೊಂಡು ಸುಮ್ನೆ ಸರಿ ಉತ್ತರ ಅಳಿಸಬೇಡಿ.

ಇನ್ನೆರಡು ನೀವೇ ಮಾಡಿ, ಆಮೇಲೆ ಕೆಳಗೆ ನೋಡಿ. ಅದೇ ಜಾಗದಲ್ಲಿ ಅಚ್ಚಿನ ಸಿಟಿಸಿ ಒಮ್ಮೆ ಟಿಟಿಸಿ ಆಗಲಿ, ಇನ್ನೊಮ್ಮೆ ಸಿಟಿಟಿ ಆಗಲಿ. ಅಚ್ಚು 3′ ಇಂದ ಶುರು ಅನ್ನುವುದು ಮರೆಯಬೇಡಿ.

ಮೊದಲನೆಯದು: ಕೋಡಾನ್ ಎಎಜಿ, ಆಂಟಿಕೋಡಾನ್ 5′-ಸಿಯುಯು-3′, ಅಮೈನೋ ಆಮ್ಲ ಲೈಸಿನ್. ಇದೂ ಮನುಷ್ಯರಲ್ಲಿ ನಿಜವಾಗಿ ಇದೆ, ಹಿಮೋಗ್ಲೋಬಿನ್ ಸಿ ಅನ್ನುತ್ತಾರೆ. ಯುಯುಸಿ ಅಂತ ಬಂದಿದ್ದರೆ ಐದನೇ ಹಂತಕ್ಕೆ ವಾಪಸ್.

ಎರಡನೆಯದು: ಕೋಡಾನ್ ಜಿಎಎ, ಆಂಟಿಕೋಡಾನ್ 5′-ಯುಯುಸಿ-3′, ಅಮೈನೋ ಆಮ್ಲ ಗ್ಲುಟಾಮಿಕ್ ಆಮ್ಲವೇ. ಟಿ-ಆರ್‌ಎನ್‌ಎ ಬದಲಾಯಿತು, ಪ್ರೋಟೀನ್ ಬದಲಾಗಲಿಲ್ಲ.